ನಾನು ಪೋಕರ್ ಚಾಂಪಿಯನ್ ಆದದ್ದು

ನನ್ನೊಳಗೊಬ್ಬ ಮಹಾನ್ ನಟ ಇದ್ದಾನೆಂಬ ವಿಷಯದಲ್ಲಿ ನನಗೆ ಎಂದೂ ಅನುಮಾನ ಇರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷದಿಂದ ಪವರ್‌ಲೂಮ್ ಓಡಿಸುತ್ತಿರುವವನಿಗೆ ಅದನ್ನು ತೋರಿಸಲು ಪುರುಸೊತ್ತು ಸಿಕ್ಕಿರಲಿಲ್ಲ, ಅಷ್ಟೆ!

ಬೆಂಗಳೂರಿನಿಂದ ಗಡ್ಡದ ನಿರ್ದೇಶಕನೊಬ್ಬ ಬಂದ. ವೃತ್ತಿಪರ ಪೋಕರ್ ಆಟಗಾರರ ಬಗ್ಗೆ ಹಾಸ್ಯಚಿತ್ರವಂತೆ. ನಮ್ಮಲ್ಲಿ ಹುಣಸೆಮರದ ಕೆಳಗೆ ಇಸ್ಪೀಟು ಆಡಿದರೆ ಪೊಲೀಸರು ಅಟ್ಟಿಸಿಕೊಂಡು ಬರುತ್ತಾರೆ; ಕಪ್ಪು ಕನ್ನಡಕ ಹಾಕಿಕೊಂಡು ಆಡಿದರೆ ಅದು ವೃತ್ತಿ! ಚಿತ್ರಕ್ಕೆ ಸಂಭಾಷಣೆಯನ್ನೇ ಬರೆದಿರಲಿಲ್ಲ. ನಟರು ಬಾಯಿಗೆ ಬಂದದ್ದು ಮಾತಾಡಬೇಕು, ಅದೇ ವಿಶೇಷ ಎಂದ. ಸೋಮಾರಿತನಕ್ಕೆ ಇಷ್ಟು ಒಳ್ಳೆಯ ಹೆಸರು ನನಗೂ ಹೊಳೆದಿರಲಿಲ್ಲ.

ಆದರೂ ಚಾಂಪಿಯನ್ ಪಾತ್ರ ನನಗೇ ಬೇಕಿತ್ತು. ಹೆಂಡತಿ ಲಲಿತಳಿಗೆ ಗೌರಿ ಹಬ್ಬಕ್ಕೆಂದು ನಾನೇ ನೇಯ್ದಿದ್ದ ರೇಷ್ಮೆ ಸೀರೆಯನ್ನು ಗುಟ್ಟಾಗಿ ನಿರ್ದೇಶಕನ ತಾಯಿಗೆ ಕೊಟ್ಟು ಪಾತ್ರ ಗಿಟ್ಟಿಸಿದೆ. ಎಳೆ ಕಡಿದು ಸೀರೆ ಕೆಟ್ಟಿತೆಂದು ಲಲಿತಳಿಗೆ ಹೇಳಿದೆ. ನಿರ್ದೇಶಕನೇ ನನ್ನನ್ನು ಹುಡುಕಿಕೊಂಡು ಬಂದನೆಂದೂ ಸೇರಿಸಿದೆ. ಪಾಪ, ಎರಡನ್ನೂ ನಂಬಿದಳು. ಗೊತ್ತಾದರೆ ನನ್ನ ಕಥೆ ಮುಗಿದಂತೆಯೇ.

ಶೂಟಿಂಗ್ ನಮ್ಮದೇ ಶೆಡ್ಡಿನಲ್ಲಿ. ಕರೆಂಟ್ ಹೋಗಿ ಅಕ್ಕಪಕ್ಕದ ಮಗ್ಗಗಳೆಲ್ಲ ನಿಂತ ಮೇಲೆ ಕ್ಯಾಮೆರಾ ಓಡಿತು. ಎದುರಾಳಿ ನನ್ನ ಗೆಳೆಯ ಮಂಜ, ಅವನೂ ನೇಕಾರ. ಐದು ನಿಮಿಷ ಇಂಗ್ಲಿಷ್ ಬೆರೆಸಿ ಭಯಂಕರವಾಗಿ ಅಭಿನಯಿಸಿದೆ. ಅಷ್ಟರಲ್ಲಿ ಕರೆಂಟ್ ಬಂತು, ಅಕ್ಕಪಕ್ಕದ ಮಗ್ಗಗಳೆಲ್ಲ ಶುರುವಾದವು; ಕ್ಯಾಮೆರಾ ಮಾತ್ರ ಓಡುತ್ತಲೇ ಇತ್ತು!

ಮಗ್ಗಗಳು ಶುರುವಾದರೆ ನಾವು ಗಂಟಲು ಹರಿದುಕೊಳ್ಳುವುದಿಲ್ಲ. ದನಿ ಇಲ್ಲದೆ ಬರೀ ತುಟಿ ಆಡಿಸುತ್ತೇವೆ. ಎದುರಿನವರು ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ಮಗ್ಗದ ಮನೆಯಲ್ಲಿ ಬೆಳೆದ ಎಲ್ಲರಿಗೂ ಬರುವ ವಿದ್ಯೆ ಇದು. ಅರಿವೇ ಇಲ್ಲದೆ ನಾವಿಬ್ಬರೂ ತುಟಿಮಾತಿಗೆ ಇಳಿದಿದ್ದೆವು.

“ಲೇ, ಈ ಪಾತ್ರ ನಿಂಗೆ ಹೆಂಗ್ಲಾ ಸಿಕ್ತು?” ಎಂದವು ಮಂಜನ ತುಟಿಗಳು.

“ನಮ್ಮವಳ ಹಬ್ಬದ ಸೀರೆ ಡೈರೆಕ್ಟರ್ ಅಮ್ಮಂಗೆ ಕೊಟ್ಬಿಟ್ಟೆ ಕಣೋ. ಕೆಟ್ಟೋಯ್ತು ಅಂದೆ, ನಂಬ್ಕೊಂಡ್ಳು,” ಎಂದು ತುಟಿಯಲ್ಲೇ ಹೇಳಿ ಹೆಮ್ಮೆಯಿಂದ ನಕ್ಕೆ.

ಆ ಭಾಗದಲ್ಲಿ ಮಗ್ಗದ ಸದ್ದು ಬಿಟ್ಟು ಬೇರೇನೂ ರೆಕಾರ್ಡ್ ಆಗಿರಲಿಲ್ಲ. ನಿರ್ದೇಶಕ ಮಹಾಶಯನಿಗೆ ನಮ್ಮ ಮೌನದಲ್ಲಿ ಆಳವಾದ ಅರ್ಥ ಕಂಡಿತು! ಪಿಟೀಲು ಸಂಗೀತ ಹಾಕಿ ಇಡೀ ದೃಶ್ಯ ಉಳಿಸಿಕೊಂಡ. ನನಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ, ನಾನು ಬೀಗುತ್ತಾ ಓಡಾಡಿದೆ.

ಮೊದಲ ಪ್ರದರ್ಶನ ನಮ್ಮೂರಿನ ಕಲ್ಯಾಣಮಂಟಪದಲ್ಲಿ. ಬಂದವರಲ್ಲಿ ಮುಕ್ಕಾಲು ಪಾಲು ಮಗ್ಗದವರೇ. ಲಲಿತಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಜನರ ಮೆಚ್ಚುಗೆ ನೋಡಲೆಂದು ನಾನು ಹಿಂದೆ ಕುಳಿತೆ. ಪರದೆಯ ಮೇಲೆ ನನ್ನ ತುಟಿಗಳು ಬಾಗಿಲಿನಷ್ಟು ಅಗಲವಾಗಿ ಆಡತೊಡಗಿದವು. ಬೆಂಗಳೂರಿನ ಗಡ್ಡಗಳು ಪಿಟೀಲು ಕೇಳಿ ತಲೆದೂಗಿದವು. ಉಳಿದ ಸಭೆ ತುಟಿ ಓದಿತು! ಒಂದೊಂದೇ ತಲೆ ಲಲಿತಳ ಕಡೆ ತಿರುಗಿತು.

ಲಲಿತ ನಿಧಾನವಾಗಿ ಎದ್ದು ನಿಂತು ಹಿಂದಕ್ಕೆ ತಿರುಗಿದಳು. ದನಿ ಎತ್ತಲಿಲ್ಲ, ತುಟಿ ಮಾತ್ರ ಆಡಿಸಿದಳು.

“ಮನೆಗ್ ಬನ್ನಿ.”

ಅದನ್ನೂ ಇಡೀ ಸಭೆ ಓದಿತು. ಚಾಂಪಿಯನ್ ಹೊರಡಲೆಂದು ನನ್ನ ಸಾಲಿನವರೆಲ್ಲ ಕಾಲು ಮಡಚಿಕೊಂಡು ದಾರಿ ಬಿಟ್ಟರು.