ಗುಡ್ಡವನ್ನು ಸಮತಟ್ಟು ಮಾಡಿದ ಠರಾವು

ಟ್ಯಾಂಕ್ ಗುಡ್ಡದ ರಸ್ತೆಯು ಕಳೆದ ಮಾರ್ಚ್ ಹದಿನಾಲ್ಕರಂದು ಸಂಜೆ ಐದೂವರೆ ಗಂಟೆಗೆ ಸರ್ವಾನುಮತದಿಂದ ಸಮತಟ್ಟಾಯಿತು. ಸಭೆಗೆ ಆರು ಮಂದಿ ಪದಾಧಿಕಾರಿಗಳು ಹಾಜರಿದ್ದರು. ಒಬ್ಬರು ಟೀ ಹೇಳಲು ಎದ್ದುಹೋಗಿದ್ದರಿಂದ ಅವರ ಒಪ್ಪಿಗೆಯನ್ನು ಟೀ ಜೊತೆಗೇ ಪಡೆಯಲಾಯಿತು. ಠರಾವು ಬರೆದವನು ನಾನು. ಹಗಲು ವಕೀಲರೊಬ್ಬರ ಬಳಿ ಗುಮಾಸ್ತನಾಗಿಯೂ ಸಂಜೆ ಹಿರಿಯರ ಸೈಕಲ್ ಸಂಘದ ಗೌರವ ಕಾರ್ಯದರ್ಶಿಯಾಗಿಯೂ ಇರುವುದರಿಂದ ಇಂಥ ವಾಕ್ಯಗಳು ನನಗೆ ನೀರು ಕುಡಿದಷ್ಟು ಸಲೀಸು.

ನಲವತ್ತೈದು ದಾಟಿದವರಿಗಾಗಿ ನಮ್ಮ ಸಂಘ ವರ್ಷಕ್ಕೊಂದು ಸ್ಪರ್ಧೆ ನಡೆಸುತ್ತದೆ. ಆಟದ ಮೈದಾನದ ಗೇಟಿನಿಂದ ಹೊರಟು, ಏಳು ಕಿಲೋಮೀಟರ್ ಗುಡ್ಡ ಹತ್ತಿ, ಆಚೆ ಬದಿಯಿಂದ ಇಳಿದು, ಸುತ್ತು ಹಾಕಿ ಅದೇ ಗೇಟಿಗೆ ಬಂದು ಮುಟ್ಟಬೇಕು. ಒಟ್ಟು ನಲವತ್ತಾರು ಕಿಲೋಮೀಟರ್. ಹನ್ನೊಂದು ವರ್ಷದಿಂದ ಸ್ಪರ್ಧಿಗಳ ಶ್ವಾಸಕೋಶದ ಹೊರತು ಬೇರೆ ಯಾರೂ ಈ ಗುಡ್ಡದ ಬಗ್ಗೆ ತಕರಾರು ತೆಗೆದಿರಲಿಲ್ಲ. ಈ ಸಲ ವಿಮಾ ಕಂಪನಿಯಿಂದ ಕಾಗದ ಬಂತು: ಹಿರಿಯರ ಸ್ಪರ್ಧೆಯಲ್ಲಿ ರಸ್ತೆಯ ಏರು ನೂರಕ್ಕೆ ಆರನ್ನು ಮೀರತಕ್ಕದ್ದಲ್ಲ, ಮೀರಿದಲ್ಲಿ ವಿಮೆ ಇಲ್ಲ. ವಿಮೆ ಇಲ್ಲದಿದ್ದರೆ ಪೊಲೀಸರ ಅನುಮತಿಯೂ ಇಲ್ಲ. ನಮ್ಮ ಗುಡ್ಡವೋ, ಕೆಲವು ಕಡೆ ನೂರಕ್ಕೆ ಹದಿಮೂರು.

ಬೇರೆ ರಸ್ತೆ ಹುಡುಕೋಣವೆಂದರೆ ‘ಟ್ಯಾಂಕ್ ಗುಡ್ಡದ ಸವಾಲು’ ಎಂದು ಬ್ಯಾನರ್ ಪ್ರಿಂಟಾಗಿ ಬಂದುಬಿಟ್ಟಿತ್ತು. ಅಧ್ಯಕ್ಷರು ತಮ್ಮ ಬಾಮೈದನಿಗೆ ಹೇಳಿಕಳಿಸಿದರು. ಬಾಮೈದ ಸರ್ವೆಯರ್. ಬಂದವನು ನಕ್ಷೆಯನ್ನೂ ಬಿಚ್ಚಲಿಲ್ಲ.

“ಭಾವ, ಹೊರಡೋದು ಎಲ್ಲಿಂದ?”

“ಮೈದಾನದ ಗೇಟಿಂದ.”

“ಬಂದು ಮುಟ್ಟೋದು?”

“ಅದೇ ಗೇಟಿಗೆ.”

“ಮತ್ತೆ ಏರು ಎಲ್ಲಿಂದ ಬಂತು? ಹತ್ತಿದಷ್ಟೂ ಇಳಿದಾಯ್ತು. ಕೂಡಿ ಕಳೆದ್ರೆ ಸೊನ್ನೆ. ಸೊನ್ನೆ ಅಂದ್ರೆ ಸಮತಟ್ಟು.”

ಇಷ್ಟು ಸುಲಭದ ಲೆಕ್ಕ ಹನ್ನೊಂದು ವರ್ಷ ನಮಗೆ ಹೊಳೆಯದೆ, ಸುಮ್ಮನೆ ಬೆವರು ಸುರಿಸಿದೆವಲ್ಲ ಎಂದು ಎಲ್ಲರಿಗೂ ಅನ್ನಿಸಿರಬೇಕು.

ಒಪ್ಪದವರು ಒಬ್ಬರೇ, ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ ಗಡಿಯಾರದವರು. ಅವರು ಸಾಮಾನ್ಯ ಸದಸ್ಯರು, ಮತ ಹಾಕುವಂತಿಲ್ಲ. ಬಸ್ ನಿಲ್ದಾಣದ ಪಕ್ಕದಲ್ಲಿ ಒಂದು ಮೇಜು ಹಿಡಿಸುವಷ್ಟು ಗಡಿಯಾರ ರಿಪೇರಿ ಅಂಗಡಿ, ಮನೆ ಮಾತ್ರ ಗುಡ್ಡದ ಮೇಲೆ ನೀರಿನ ಟ್ಯಾಂಕಿನ ಪಕ್ಕ. ಇಪ್ಪತ್ತಾರು ವರ್ಷದಿಂದ ದಿನಾ ಸಂಜೆ ಆ ಏರನ್ನು ಸೈಕಲ್ಲಿನಲ್ಲೇ ಹತ್ತಿ ಮನೆ ಸೇರುವವರು. ಸ್ಪರ್ಧೆಯಲ್ಲಿ ಎರಡು ಸಲ ಎರಡನೆಯವರಾಗಿ ಬಂದಿದ್ದರು. ಈಗ ಬಲಗಾಲಿನ ಮಂಡಿ ಸವೆದು, ಸ್ಪರ್ಧೆ ಮುಗಿದ ಮಂಗಳವಾರವೇ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆಮೇಲೆ ಪೈಪೋಟಿಯ ಮಾತೇ ಎತ್ತಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. “ಒಂದೇ ಒಂದು ಸಲ ಮೊದಲು ಬರಬೇಕು ಸಾರ್,” ಎಂದು ಅವರು ನನ್ನ ಬಳಿ ಹೇಳಿಕೊಂಡಿದ್ದರು. “ಇದು ಬಿಟ್ರೆ ಇನ್ನಿಲ್ಲ.”

ಈಗ ಅವರು ಎದ್ದು ನಿಂತು, “ಇಳಿಯೋದೇನೋ ಹೌದು. ಆದ್ರೆ ಮೊದಲು ಹತ್ತಬೇಕಲ್ಲ ಸಾರ್?” ಎಂದರು.

ಅಧ್ಯಕ್ಷರು ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಬಾಯಿ ತೆರೆದವರು ಮಾತಾಡದಂತೆ ನೋಡಿಕೊಳ್ಳುವುದು ಅವರಿಗೆ ಅಭ್ಯಾಸ. “ಅದು ನಿಮ್ಮ ವೈಯಕ್ತಿಕ ಅನುಭವ,” ಎಂದರು. ನಾನು ಹಾಗೆಯೇ ಬರೆದುಕೊಂಡೆ.

ನಮ್ಮ ನಿಯಮಾವಳಿಯ ಹದಿನಾಲ್ಕನೇ ಕಲಮಿನ ಪ್ರಕಾರ ಗುಡ್ಡದ ರಸ್ತೆಗೆ ಎರಡೂವರೆ ಗಂಟೆ ಕಾಲಾವಕಾಶ, ಸಮತಟ್ಟು ರಸ್ತೆಗೆ ಒಂದು ಗಂಟೆ ನಲವತ್ತು ನಿಮಿಷ. ಇದು ಸಭೆಯಲ್ಲಿ ನನ್ನೊಬ್ಬನ ನೆನಪಿಗೆ ಬಂತು. ಅಷ್ಟರಲ್ಲಿ ಟೀ ಬಂದದ್ದರಿಂದ ಹೇಳಲಿಲ್ಲ. ಮರುದಿನ ಈ ಕೆಳಕಂಡ ಪ್ರಕಟಣೆಯನ್ನು ಗೇಟಿಗೆ ಅಂಟಿಸಿದೆ:

‘ಸ್ಪರ್ಧಿಗಳು ರಸ್ತೆಯನ್ನು ಸಮತಟ್ಟೆಂದು ಭಾವಿಸತಕ್ಕದ್ದು. ಏದುಸಿರು ಬಿಡುವವರು ತಮ್ಮ ಸ್ವಂತ ಜವಾಬ್ದಾರಿಯ ಮೇಲೆ ಬಿಡತಕ್ಕದ್ದು. ಇಳಿದು ಸೈಕಲ್ ತಳ್ಳುವವರು ಕಾರಣವನ್ನು ಲಿಖಿತವಾಗಿ ಸಲ್ಲಿಸತಕ್ಕದ್ದು. ಏರು ಎಂಬ ಕಾರಣವನ್ನು ಪರಿಗಣಿಸಲಾಗುವುದಿಲ್ಲ.’

ಸ್ಪರ್ಧೆಯ ದಿನ ನಲವತ್ತಮೂರು ಮಂದಿ ಹೊರಟೆವು. ಎರಡನೇ ಕಿಲೋಮೀಟರಿನಲ್ಲಿ ಅಧ್ಯಕ್ಷರು ಚೈನ್ ಬಿತ್ತೆಂದು ಇಳಿದರು. ಹಿಂದೆಯೇ ಬರುತ್ತಿದ್ದ ಬಾಮೈದನ ಕಾರಿನ ಚಾವಣಿಗೆ ಸೈಕಲ್ಲನ್ನು ನಿಲ್ಲಿಸಿ ಕಟ್ಟಿಸಿ, ಒಳಗೆ ಕೂತು, ರಸ್ತೆ ಪರಿಶೀಲನೆಗೆಂದು ಮುಂದೆ ಹೋದರು. ನಾನು ಮೂರನೇ ತಿರುವಿನ ತನಕ ತುಳಿದೆ. ಆಮೇಲೆ ಇಳಿದು ತಳ್ಳತೊಡಗಿದೆ. ಕಾರಣದ ಚೀಟಿಯಲ್ಲಿ ‘ಪ್ರಕೃತಿ ಸೌಂದರ್ಯ’ ಎಂದು ಬರೆದೆ. ಪಕ್ಕದಲ್ಲಿ ತಳ್ಳುತ್ತಿದ್ದ ಬ್ಯಾಂಕ್ ಮ್ಯಾನೇಜರು ಇಣುಕಿ ನೋಡಿ ತಾವೂ ಅದನ್ನೇ ಬರೆದರು. ಅವರ ಕನ್ನಡಕ ಮಂಜಾಗಿ ಅವರಿಗೆ ರಸ್ತೆಯೇ ಕಾಣುತ್ತಿರಲಿಲ್ಲ.

ಗಡಿಯಾರದವರು ಎಷ್ಟೋ ಮುಂದಿದ್ದರು. ಮೇಲಿನ ತಿರುವಿನಲ್ಲಿ ಪೆಡಲಿನ ಮೇಲೆ ಎದ್ದು ನಿಂತು ತುಳಿಯುವುದು ಕೆಳಗಿನಿಂದ ಕಾಣುತ್ತಿತ್ತು. ಒಂದೊಂದು ತುಳಿತಕ್ಕೂ ಬಲ ಭುಜ ಕುಸಿಯುತ್ತಿತ್ತು, ಮಂಡಿ ನೋಯುತ್ತಿರಬೇಕು. ನನಗೆ ಮೊದಲು ಹೊಟ್ಟೆಕಿಚ್ಚಾಯಿತು. ಆಮೇಲೆ ಯಾಕೋ ತುಂಬ ಸಂತೋಷವಾಯಿತು.

ಎರಡು ಗಂಟೆ ಮೂರು ನಿಮಿಷಕ್ಕೆ ಅವರು ಗೇಟು ಮುಟ್ಟಿದರು. ಹನ್ನೊಂದು ವರ್ಷದಲ್ಲಿ ಅಷ್ಟು ಬೇಗ ಯಾರೂ ತುಳಿದುಕೊಂಡು ಬಂದಿರಲಿಲ್ಲ. ಕಾಲು ಮಡಚಲಾಗದೆ ಸೈಕಲ್ಲಿನ ಮೇಲೇ ಕೂತಿದ್ದರಂತೆ. ಅವರ ಹೆಂಡತಿ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹ್ಯಾಂಡಲ್ ಹಿಡಿದುಕೊಂಡರು.

“ಬಂದೆ ಕಣೇ,” ಎಂದರಂತೆ ಅವರು.

“ನೋಡಿದೆ ರೀ. ಹಿಂದೆ ಯಾರೂ ಕಾಣಿಸ್ಲೇ ಇಲ್ಲ.”

ಸಂಜೆ ಫಲಿತಾಂಶ ಪ್ರಕಟವಾಯಿತು. ಸಮತಟ್ಟು ರಸ್ತೆಯ ಕಾಲಮಿತಿ ಮೀರಿದ್ದರಿಂದ ನಲವತ್ತೆರಡು ಮಂದಿ ಅನರ್ಹರು. ಮಿತಿಯೊಳಗೆ ಗೆರೆ ದಾಟಿದ್ದು ಒಂದನೇ ನಂಬರಿನ ಸೈಕಲ್ ಮಾತ್ರ, ಒಂದು ಗಂಟೆ ಹನ್ನೆರಡು ನಿಮಿಷಕ್ಕೆ. ಅದು ಅಧ್ಯಕ್ಷರದು. ನಂಬರು ಹೊತ್ತ ಸೈಕಲ್ಲಿನ ಮುಂದಿನ ಚಕ್ರ ಗೆರೆ ದಾಟಿದ ಕ್ಷಣವನ್ನು ನಮೂದಿಸತಕ್ಕದ್ದು ಎಂದು ಒಂಬತ್ತನೇ ಕಲಂ ಹೇಳುತ್ತದೆ. ಚಕ್ರ ನೆಲಕ್ಕೆ ತಾಗಿರಬೇಕೆಂದು ಎಲ್ಲೂ ಇಲ್ಲ. ಕಾರಿನ ಚಾವಣಿಯ ಮೇಲಿದ್ದ ಚಕ್ರವೂ ಗೆರೆ ದಾಟಿದ್ದು ನಿಜವೇ. ಅಧ್ಯಕ್ಷರು ಬೇಡ ಬೇಡವೆನ್ನುತ್ತಲೇ ಬಹುಮಾನದ ಕಪ್ಪಿಗೆ ಎರಡೂ ಕೈ ಚಾಚಿದರು.

ಗಡಿಯಾರದವರು ಮೇಲ್ಮನವಿ ಕೊಟ್ಟರು. ವಿಚಾರಣೆ ಮರುದಿನ ಅಧ್ಯಕ್ಷರ ಕ್ಲಿನಿಕ್ಕಿನಲ್ಲಿ ನಡೆಯಿತು. ಇದ್ದ ಕುರ್ಚಿಗಳಲ್ಲಿ ಪದಾಧಿಕಾರಿಗಳು ಕೂತಿದ್ದರಿಂದ ಅರ್ಜಿದಾರರನ್ನು ಹಲ್ಲು ಕೀಳುವ ಕುರ್ಚಿಯಲ್ಲಿ ಮಲಗಿಸಲಾಯಿತು. ಅಧ್ಯಕ್ಷರು ರೂಢಿಯಂತೆ ದೀಪವನ್ನು ಅವರ ಮುಖಕ್ಕೆ ಎಳೆದರು.

“ಎಷ್ಟು ಹೊತ್ತು ತಗೊಂಡ್ರಿ?”

“ಎರಡು ಗಂಟೆ ಮೂರು ನಿಮಿಷ.”

“ಸಮತಟ್ಟು ರಸ್ತೇಲಿ?”

“ಅದು ಗುಡ್ಡ ಸಾರ್.”

“ಸಾಕ್ಷಿ ಏನಿದೆ?”

“ನನ್ನ ಮಂಡಿ.”

“ಮಂಡಿ ನಿಮ್ಮ ಕಡೆಯದು. ಅದರ ಹೇಳಿಕೆ ತಗೊಳ್ಳೋಕಾಗಲ್ಲ,” ಎಂದು ಅಧ್ಯಕ್ಷರು ದನಿ ತಗ್ಗಿಸಿದರು. “ನೋಡಿ, ಗುಡ್ಡ ಅಂತ ಒಪ್ಕೊಂಡ್ರೆ ವಿಮೆ ಸುಳ್ಳು, ಅನುಮತಿ ಸುಳ್ಳು. ನಲವತ್ತಮೂರು ಜನದ ಮೇಲೂ ಕೇಸು. ಮೊದಲು ಬಂದೋರು ನೀವು ಅಂತೀರಲ್ಲ? ಕೇಸಲ್ಲೂ ನಿಮ್ಮ ಹೆಸರೇ ಮೊದಲು.”

ಗಡಿಯಾರದವರು ದೀಪದಿಂದ ಮುಖ ತಿರುಗಿಸಿ ನನ್ನತ್ತ ನೋಡಿದರು. ಹದಿನಾಲ್ಕನೇ ಕಲಮಿನ ವಿಷಯ ಆವತ್ತೇ ಹೇಳಬಹುದಿತ್ತಲ್ಲ ಎಂದು ಅವರು ಕೇಳಲಿಲ್ಲ, ಆದರೆ ನನಗೆ ಕೇಳಿಸಿತು. ನನಗೆ ನಾಚಿಕೆಯಾಯಿತು. ನಡವಳಿ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲದ್ದರಿಂದ ಇಲ್ಲಿ ಹೇಳುತ್ತಿದ್ದೇನೆ. ಆಮೇಲೆ ‘ನಾನು ಯಾವುದೇ ಏರನ್ನು ಹತ್ತಿರುವುದಿಲ್ಲ’ ಎಂಬ ಹೇಳಿಕೆಯನ್ನು ಬರೆದು ಮುಂದಿಟ್ಟೆ. ಅವರು ಮಲಗಿದಲ್ಲೇ ಸಹಿ ಹಾಕಿದರು.

ಮಂಗಳವಾರ ಆಪರೇಷನ್ ಆಯಿತು. ಮೂರು ತಿಂಗಳು ಸಮತಟ್ಟು ರಸ್ತೆಯಲ್ಲಷ್ಟೇ ನಡೆಯಬೇಕು, ಅಲ್ಲಿಯವರೆಗೆ ಕೆಳಗೆಲ್ಲಾದರೂ ಬಾಡಿಗೆಗೆ ಇರಿ ಎಂದರಂತೆ ಡಾಕ್ಟರು. ಕೆಳಗೆ ಬಾಡಿಗೆ ಮನೆ ಹಿಡಿಯಲು ಗಡಿಯಾರದವರ ಕೈಲಾಗುತ್ತಿರಲಿಲ್ಲ. ಹೆಂಡತಿ ಚೀಲದಿಂದ ನಮ್ಮ ಠರಾವಿನ ಪ್ರತಿ ತೆಗೆದು ತೋರಿಸಿದರು. ಡಾಕ್ಟರು ಕಿಟಕಿಯಿಂದ ಗುಡ್ಡವನ್ನು ನೋಡಿದರು, ಕಾಗದದ ಮೇಲಿನ ಮೊಹರನ್ನೂ ನೋಡಿದರು. ನೋಡಿ, ‘ಟ್ಯಾಂಕ್ ರಸ್ತೆಗೆ ಅಡ್ಡಿಯಿಲ್ಲ’ ಎಂದು ಬರೆದುಕೊಟ್ಟರು. ಅಷ್ಟು ಹೊತ್ತಿಗೆ ನಗರಸಭೆಯವರೂ ‘ಕಡಿದಾದ ಏರು, ನಿಧಾನ’ ಎಂಬ ಬೋರ್ಡನ್ನು ಕಿತ್ತುಕೊಂಡು ಹೋಗಿದ್ದರು. ಟ್ಯಾಂಕಿನ ಕಡೆಗೆ ಬರುವುದಿಲ್ಲ ಎನ್ನುತ್ತಿದ್ದ ಆಟೋದವರು ಈಗ, ಸಮತಟ್ಟಲ್ವಾ, ನಡ್ಕೊಂಡೇ ಹೋಗಿ ಎನ್ನುತ್ತಾರೆ.

ಮೊನ್ನೆ, ಬರುವ ವರ್ಷದ ಸ್ಪರ್ಧೆಯ ಪ್ರಕಟಣೆಯನ್ನು ಗುಡ್ಡದ ಮೇಲಿನ ಪಂಪ್‌ಹೌಸಿನ ಗೋಡೆಗೆ ಅಂಟಿಸಲು ಹೋಗಿದ್ದೆ. ಸೈಕಲ್ ತಳ್ಳಿಕೊಂಡೇ ಹೋಗಿದ್ದೆ. ದಾರಿಯಲ್ಲಿ ಮೋರಿಯ ಕಟ್ಟೆಯ ಮೇಲೆ ಗಡಿಯಾರದವರೂ ಅವರ ಹೆಂಡತಿಯೂ ಕೂತಿದ್ದರು. ಅವರ ಕೈಯಲ್ಲಿ ಊರುಗೋಲು, ಹೆಂಡತಿಯ ಕೈಯಲ್ಲಿ ತರಕಾರಿ ಚೀಲ. ಗಡಿಯಾರದವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ಸುಸ್ತಾಯ್ತಾ?” ಎಂದೆ.

“ಇಲ್ಲ ಸಾರ್. ಅರ್ಧ ಸಮತಟ್ಟು ಹತ್ತಿದ್ದಾಯ್ತು,” ಎಂದರು ಗಡಿಯಾರದವರು, ಮಂಡಿ ನೀವಿಕೊಳ್ಳುತ್ತ. “ಇನ್ನರ್ಧ ಹತ್ತಿದ್ರೆ ಮನೆ.”

ಅವರ ದನಿಯಲ್ಲಿ ವ್ಯಂಗ್ಯವಿದೆಯೇ ಎಂದು ಹುಡುಕಿದೆ. ಇರಲಿಲ್ಲ.

“ಮುಂದಿನ ತಿರುವಲ್ಲಿ ಸಮತಟ್ಟು ಸ್ವಲ್ಪ ಜಾಸ್ತಿ ಇದೆ,” ಎಂದರು ಅವರ ಹೆಂಡತಿ. “ನಿಧಾನವಾಗಿ ತಳ್ಳಿ.”

ಆಗಲಿ ಎಂದು ತಲೆಯಾಡಿಸಿ ಮೇಲಕ್ಕೆ ಹೋದೆ. ಅವರು ಹೇಳಿದ್ದು ಸರಿಯಾಗಿತ್ತು, ಆ ತಿರುವಿನಲ್ಲಿ ಸಮತಟ್ಟು ತುಂಬಾನೇ ಇತ್ತು.