ಮಾವನ ಮನೆ ಗೋಡೆಗೊಂದು ಬೆಟ್ಟದ ರೈಲು

ನಾನು ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುತ್ತಾ ಹೋದರೆ ನಿಮಗೆ ಅನುಮಾನ ಬರಬಹುದು.

ಆಗ ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಮನೆ ತುಮಕೂರಿನಲ್ಲಿ. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಾಯಂಕಾಲ ರೈಲಿನಲ್ಲೇ ವಾಪಸ್ಸು ಬರುತ್ತಿದ್ದೆ. ಹೀಗಾಗಿ ಹೆಂಡತಿ ಮನೆ ಕಡೆಯವರಲ್ಲಿ ರೈಲಿನ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೆ. ನನ್ನ ಷಡ್ಡಕ ರಾಜಶೇಖರ, ಅಂದರೆ ನನ್ನ ಹೆಂಡತಿ ಸರೋಜಳ ತಂಗಿಯ ಗಂಡ, ಹುಲಿಯೂರುದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟವನು. ಆ ಊರಿಗೆ ರೈಲಿಲ್ಲ. ನಮ್ಮ ಮಾವನವರ ಊರು ಕುಣಿಗಲ್ಲಿಗೂ ಆಗ ಇರಲಿಲ್ಲ. ಇಂಥ ಹಳಿಯಿಲ್ಲದ ಊರಿನವನು ಊಟಿಗೆ ಹೋಗಿ, ಬೆಟ್ಟ ಹತ್ತುವ ಪುಟ್ಟ ರೈಲಿನ ಫೋಟೋ ತೆಗೆದುಕೊಂಡು ಬಂದ.

ತೆಗೆದರೆ ತೆಗೆಯಲಿ, ನನಗೇನು? ಆದರೆ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಮಾವನವರಿಗೆ ಕೊಟ್ಟ. ಅವರು ಅದನ್ನು ಹಾಲಿನಲ್ಲಿ ಬಾಗಿಲಿಗೆ ಎದುರಾಗಿದ್ದ ದೊಡ್ಡ ಮೊಳೆಗೆ ನೇತುಹಾಕಿದರು. ಆ ಮೊಳೆ ಖಾಲಿಯೇನೂ ಇರಲಿಲ್ಲ. ಅಲ್ಲಿ ನಮ್ಮ ಮದುವೆ ಫೋಟೋ ಇತ್ತು. ಅದನ್ನು ಇಳಿಸಿ ಅಡುಗೆಮನೆ ಬಾಗಿಲ ಪಕ್ಕ, ಕ್ಯಾಲೆಂಡರಿನ ಕೆಳಗೆ ಹಾಕಿದ್ದರು. ಒಗ್ಗರಣೆಯ ಹೊಗೆ ಕುಡಿದು ಕುಡಿದು ನನ್ನ ಬಾಸಿಂಗ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು.

ಮಾವನವರು ಪಿಡಬ್ಲ್ಯುಡಿಯಲ್ಲಿ ಓವರ್ಸಿಯರ್ ಆಗಿ ರಿಟೈರಾದವರು. ಮನೆಗೆ ಯಾರು ಬರಲಿ, ಫೋಟೋ ಮುಂದೆ ನಿಲ್ಲಿಸಿ ಶುರು ಮಾಡುತ್ತಿದ್ದರು.

“ನಮ್ಮ ಚಿಕ್ಕಳಿಯಂದ್ರು ತೆಗೆದದ್ದು. ಅಲ್ಲಿ ನಿಲ್ಲೋಕೇ ಜಾಗ ಇಲ್ವಂತೆ. ಜೀವ ಕೈಯಲ್ಲಿ ಹಿಡ್ಕೊಂಡು ಹಳಿ ಪಕ್ಕ ನಿಂತು ತೆಗೆದವ್ರೆ.”

ಅದೇ ಹಾಲಿನಲ್ಲಿ ನಾನೂ ಕೂತಿರುತ್ತಿದ್ದೆ. ಬಂದವರು ನನ್ನ ಕಡೆ ನೋಡಿದರೆ, “ಇವ್ರು ದೊಡ್ಡಳಿಯಂದ್ರು. ಮೇಷ್ಟ್ರು,” ಎಂದು ಅಲ್ಲಿಗೇ ಮುಗಿಸುತ್ತಿದ್ದರು. ಬೆಟ್ಟದ ರೈಲಿನ ಪಾಠ ಮಾಡುವವನು ನಾನು. ಹೆಸರು ಮಾಡಿಕೊಂಡವನು ಲುಂಗಿ ಪೀಸು ಹರಿಯುವವನು! ಆ ಮೊಳೆಯನ್ನು ವಾಪಸ್ಸು ಪಡೆಯದೆ ಬಿಡುವುದಿಲ್ಲ ಎಂದು ನಾನು ತೀರ್ಮಾನಿಸಿದೆ.

ಮೊದಲು ಉಪಾಯವಾಗಿ ಷಡ್ಡಕನನ್ನೇ ಕೇಳಿದೆ. “ಅಲ್ಲ ರಾಜಶೇಖರ, ಸುಮ್ಮನೆ ಕೇಳ್ತೀನಿ, ನೀನು ಎಲ್ಲಿ ನಿಂತು ತೆಗೆದೆ?”

“ಅಯ್ಯೋ ಅಣ್ಣ, ಅಲ್ಲಿಗೆಲ್ಲ ನಿಮ್ಮ ಕೈಲಿ ಹೋಗೋಕಾಗಲ್ಲ ಬುಡಿ,” ಎಂದು ನಕ್ಕ. ನಗುವಾಗ ನನ್ನ ಹೊಟ್ಟೆಯ ಸುತ್ತಳತೆಯನ್ನು ಬಟ್ಟೆ ಅಂಗಡಿಯವನ ಕಣ್ಣಿನಲ್ಲೇ ಅಳೆದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಹೋದ್ಯೋಗಿಯೊಬ್ಬರಿಂದ ಡಬ್ಬಿ ಕ್ಯಾಮರಾ ಕೇಳಿ ತಂದೆ. ತುಮಕೂರಿನ ಸ್ಟುಡಿಯೋ ಗೋವಿಂದಪ್ಪನವರ ಹತ್ತಿರ ರೀಲು ಹಾಕಿಸಿದೆ. ಅವರಿಗೆ ನಿಜ ಹೇಳಲಿಲ್ಲ. ಸುದ್ದಿ ಹೇಗೋ ಷಡ್ಡಕನ ಕಿವಿಗೆ ಬಿದ್ದರೆ ಎಂಬ ಭಯ. “ಹೀಗೇ, ಗುಬ್ಬಿ ಹತ್ರ ರೈಲು ತೆಗೆಯೋಣ ಅಂತ,” ಎಂದೆ.

“ಒಂದು ಮಾತು ನೆನಪಿಟ್ಕೊಳ್ಳಿ ಮೇಷ್ಟ್ರೇ,” ಎಂದರು ಅವರು. “ಈ ಕಿಂಡೀಲಿ ನೋಡುವಾಗ ಹಳಿ ಕೆಳಗಿನ ಅಂಚಿಗೆ ಸಮವಾಗಿರಬೇಕು. ಓರೆ ಆದ್ರೆ ಜನ ನಿಮ್ಮನ್ನ ಕುಡುಕ ಅಂತಾರೆ.” ನಾನು ಆ ಮಾತನ್ನು ಗುರುಮಂತ್ರದಂತೆ ಸ್ವೀಕರಿಸಿದೆ.

ಸರೋಜಳಿಗೆ, “ಊಟಿ ತೋರಿಸ್ತೀನಿ, ನಡಿ,” ಎಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅವಳಿಗೆ ತೋರಿಸಿದ್ದು ದೇವರಾಯನದುರ್ಗ ಒಂದೇ. ಅವಳು ಖುಷಿಯಿಂದ ಮಕ್ಕಳನ್ನು ಕುಣಿಗಲ್ಲಿನಲ್ಲಿ ಬಿಟ್ಟು, ಹೊಸ ಸ್ವೆಟರ್ ಇಟ್ಟುಕೊಂಡು ಹೊರಟಳು. ಮೈಸೂರಿನ ಮೇಲೆ ಊಟಿಗೆ ಬಂದೆವು. ಹೂವಿನ ತೋಟ, ದೋಣಿ ಯಾವುದನ್ನೂ ನೋಡಲು ಬಿಡದೆ ಅವಳನ್ನು ಸೀದಾ ಕೂನೂರಿಗೆ ಇಳಿಸಿದೆ. ನಿಜವಾದ ಕಡಿದಾದ ಏರು ಇರುವುದು ಕೂನೂರಿನ ಕೆಳಗೆ.

ಬೆಳಿಗ್ಗೆ ಎದ್ದು ಜಾಗ ಹುಡುಕಲು ಹೊರಟೆವು. ಲಾಡ್ಜಿನಿಂದ ಸ್ವಲ್ಪವೇ ದೂರದಲ್ಲಿ ಒಂದು ಟೀ ಅಂಗಡಿ. ಪಕ್ಕದಲ್ಲೇ ಹಳಿ.

“ಇಲ್ಲೇ ಚೆನ್ನಾಗಿ ಕಾಣುತ್ತಲ್ರೀ,” ಎಂದಳು ಸರೋಜ. “ಬೆಂಚೂ ಇದೆ.”

“ಬೆಂಚಿನ ಮೇಲೆ ಕೂತು ತೆಗೆಯೋಕೆ ಇಷ್ಟು ದೂರ ಬರಬೇಕಿತ್ತಾ? ಅವನು ಜೀವ ಕೈಯಲ್ಲಿ ಹಿಡ್ಕೊಂಡು ತೆಗೆದಿದಾನೆ.”

“ಅವನು ಹಿಡ್ಕೊಂಡ ಅಂತ ನೀವೂ ಹಿಡ್ಕೋಬೇಕಾ?”

ಈ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕುದಲ್ಲವೆಂದು ಮುಂದೆ ನಡೆದೆ. ರಸ್ತೆಯಿಂದ ಕೆಳಗೆ ಒಳ್ಳೆಯ ತಿರುವೊಂದು ಕಾಣಿಸಿತು. ಮಧ್ಯೆ ಟೀ ತೋಟ. ಸೊಂಟದೆತ್ತರದ ಗಿಡಗಳು, ಒಂದಕ್ಕೊಂದು ಅಂಟಿಕೊಂಡು ಬೆಳೆದಿದ್ದವು. ಷಡ್ಡಕನಂಥ ಕಡ್ಡಿ ಮನುಷ್ಯ ನುಸುಳಬಹುದೇನೋ, ನಾನು ಅರ್ಧದಲ್ಲೇ ಸಿಕ್ಕಿಹಾಕಿಕೊಂಡೆ. ಕಾವಲುಗಾರ ತಮಿಳಿನಲ್ಲಿ ಕೂಗುತ್ತಾ ಬಂದು ನನ್ನ ಎರಡೂ ಕೈ ಹಿಡಿದು ಎಳೆದ. ಅವನಿಗೆ ಕೈಮುಗಿದು ರಸ್ತೆಗೆ ಬಂದರೆ ಪ್ಯಾಂಟಿನ ಒಂದು ಜೇಬು ತೋಟದಲ್ಲೇ ಉಳಿದಿತ್ತು.

ಆಮೇಲೆ ನೀಲಗಿರಿ ಮರಗಳ ನಡುವೆ ಒಂದು ಇಳಿಜಾರು ಸಿಕ್ಕಿತು. ಕೆಳಗೆ ಸೇತುವೆ. ಎಂಥ ಜಾಗ! ಷಡ್ಡಕನ ಫೋಟೋವನ್ನು ಅಡುಗೆಮನೆಗಲ್ಲ, ಅಟ್ಟಕ್ಕೇ ಕಳಿಸಬಲ್ಲ ಜಾಗ. ಒಂದು ಹೆಜ್ಜೆ ಇಟ್ಟೆ. ಉಳಿದ ಹೆಜ್ಜೆಗಳನ್ನು ಇಡುವ ಅಗತ್ಯ ಬೀಳಲಿಲ್ಲ. ಒಣಗಿದ ಎಲೆಗಳ ಮೇಲೆ ಕೂತ ಭಂಗಿಯಲ್ಲೇ ಕ್ಯಾಮರಾವನ್ನು ತಲೆಯ ಮೇಲೆತ್ತಿ ಹಿಡಿದು ಜಾರಿ, ಹಳಿ ರಿಪೇರಿ ಮಾಡುತ್ತಿದ್ದ ಗ್ಯಾಂಗಿನವರ ನಡುವೆ ಹೋಗಿ ನಿಂತೆ. ಅವರು ಬೈಯಲಿಲ್ಲ. ಇಬ್ಬರು ಎರಡು ಕಡೆ ರಟ್ಟೆ ಹಿಡಿದು ನನ್ನನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಿದರು. ಅಷ್ಟರಲ್ಲಿ ರೈಲು ಬಂತು. ನನ್ನ ಎರಡೂ ಕೈ ಅವರ ವಶದಲ್ಲಿದ್ದ ಕಾರಣ, ಅದು ಹೋಗುವುದನ್ನು ಬೆನ್ನ ಹಿಂದೆ ಕೇಳಿಸಿಕೊಂಡೆನೇ ಹೊರತು ನೋಡಲಾಗಲಿಲ್ಲ.

ಮಾರನೇ ದಿನ ನಾನು ಟೀ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತೆ. ಸರೋಜ ಎರಡು ಟೀ ಹೇಳಿದಳು. ಆಮೇಲೆ, “ನನ್ನನ್ನೂ ಹಾಕ್ಕೊಳ್ಳಿ ಫೋಟೋದಲ್ಲಿ. ಊಟಿಗೆ ಬಂದಿದ್ದಕ್ಕೆ ಗುರುತಾದ್ರೂ ಇರುತ್ತೆ,” ಎಂದಳು. ದೋಣಿ ತಪ್ಪಿಸಿದ ಪಾಪಕ್ಕೆ ಒಪ್ಪಿ, ಅವಳನ್ನು ಹಳಿಯಿಂದ ದೂರ, ಚಿತ್ರದ ಒಂದು ಅಂಚಿನಲ್ಲಿ ನಿಲ್ಲಿಸಿದೆ.

ತಿರುವಿನಲ್ಲಿ ಶಬ್ದ ಕೇಳಿಸಿತು. ನಾನು ಎಂಜಿನ್ನಿಗಾಗಿ ಕಾದೆ. ಬಂದದ್ದು ಡಬ್ಬಿ! ಮುಂದುಗಡೆ ಬಾವುಟ ಹಿಡಿದ ಒಬ್ಬ ಮನುಷ್ಯ, ಅವನ ಹಿಂದೆ ಬರೀ ಡಬ್ಬಿ. ಹತ್ತು ವರ್ಷದಿಂದ ಗುಬ್ಬಿ ರೈಲಿನಲ್ಲಿ ಓಡಾಡಿದ ನನ್ನ ಅನುಭವದಲ್ಲಿ ರೈಲು ಹೀಗೆ ನಡೆದುಕೊಂಡದ್ದೇ ಇಲ್ಲ.

“ಸರೋಜಾ, ಡಬ್ಬಿ ಕಳಚ್ಕೊಂಡು ಬರ್ತಾ ಇದೆ ಕಣೇ, ಓಡು!” ಎಂದು ಕಿರುಚಿದೆ.

“ಕಳಚ್ಕೊಂಡ ಡಬ್ಬಿ ಮೇಲಕ್ಕೆ ಯಾಕ್ರೀ ಹತ್ತುತ್ತೆ?” ಎಂದಳು ಅವಳು, ನಿಂತ ಜಾಗದಿಂದಲೇ.

“ಎಂಜಿನ್ ಹಿಂದೆ ಬರುತ್ತೆ ಸಾರ್. ತಳ್ಳುತ್ತೆ,” ಎಂದು ಟೀ ಅಂಗಡಿಯವನು ಹರಕು ಕನ್ನಡದಲ್ಲಿ ಸಮಾಧಾನ ಹೇಳಿದ. ಭೂಗೋಳದ ಪುಸ್ತಕದಲ್ಲಿ ಈ ವಿಚಾರವಿರಲಿಲ್ಲ. ಅಷ್ಟರಲ್ಲಿ ನಿಜವಾಗಿಯೂ ಹೊಗೆಯುಗುಳುತ್ತಾ ಎಂಜಿನ್ ಬಂತು. ನಾನು ಗಡಿಬಿಡಿಯಲ್ಲೂ ಗುರುಮಂತ್ರ ಮರೆಯಲಿಲ್ಲ. ಕಿಂಡಿಯಲ್ಲಿ ನೋಡಿ, ಕ್ಯಾಮರಾ ತಿರುಗಿಸಿ, ಹಳಿಯನ್ನು ಅಂಚಿಗೆ ಕರಾರುವಾಕ್ಕಾಗಿ ಸಮ ಮಾಡಿ ಒತ್ತಿದೆ.

ತುಮಕೂರಿನಲ್ಲಿ ಫೋಟೋ ತೊಳೆದು ದೊಡ್ಡದು ಮಾಡಿಕೊಟ್ಟ ಗೋವಿಂದಪ್ಪ, “ಗುಬ್ಬಿ ರೈಲು ಚೆನ್ನಾಗಿ ಬಂದಿದೆ,” ಎಂದರು. ಪಾಪ, ನಾನೇ ಹಾಗೆ ಹೇಳಿದ್ದೆನಲ್ಲ ಎಂದುಕೊಂಡು ದುಡ್ಡು ಕೊಟ್ಟು ಬಂದೆ. ಎಂಜಿನ್ನು, ಡಬ್ಬಿ, ಹೆಂಡತಿ ಎಲ್ಲ ಸ್ಪಷ್ಟವಾಗಿದ್ದ ಸಂತೋಷದಲ್ಲಿ ನನಗೆ ಬೇರೇನೂ ಕಾಣಿಸಲಿಲ್ಲ. ಭಾನುವಾರ ಷಡ್ಡಕನೂ ಕುಣಿಗಲ್ಲಿಗೆ ಬರುವುದನ್ನು ಖಚಿತ ಮಾಡಿಕೊಂಡು ನಾವೂ ಹೋದೆವು.

ಮಾವನವರು ಕನ್ನಡಕ ಹಾಕಿಕೊಂಡು ನೋಡಿದರು. “ಇದು ಗುಬ್ಬಿ ದಾಟಿದ ಮೇಲೆ ಬರೋ ಬಯಲಲ್ವಾ?”

“ಬೆಟ್ಟ ಮಾವ! ಕೂನೂರು!”

“ಬೆಟ್ಟ ಎಲ್ಲಿದೆ?”

“ಹಿಂದೆ ಇದೆ. ಮಂಜಿನಲ್ಲಿ ಮುಚ್ಚಿದೆ.”

“ಏರು?”

ನಾನು ನೋಡಿದೆ. ಹಳಿ ಮೇಜಿನ ಅಂಚಿನಂತೆ ಮಟ್ಟಸವಾಗಿತ್ತು. ಅತ್ತೆ ಹಿಂದಿನಿಂದ ಇಣುಕಿ ಗಾಬರಿಯಾದರು. “ಇದ್ಯಾಕೆ ಸರೋಜ ಹಿಂಗೆ ವಾಲಿದಾಳೆ? ತಲೆಸುತ್ತು ಬಂದಿತ್ತಾ? ಮತ್ತೇನಾದ್ರೂ ವಿಶೇಷನೇನೇ?” ಷಡ್ಡಕ ಬಾಯಿಗೆ ಟವೆಲ್ಲು ಒತ್ತಿಕೊಂಡು ಕಿಟಕಿ ಕಡೆ ತಿರುಗಿದ. ಅವನ ಭುಜ ಕುಣಿಯುತ್ತಿತ್ತು. ಭೂಮಿ ಬಾಯಿ ಬಿಟ್ಟಿದ್ದರೆ ಅವತ್ತು ಅವನನ್ನೂ ಜೊತೆಗೆಳೆದುಕೊಂಡೇ ಇಳಿಯುತ್ತಿದ್ದೆ.

ಓವರ್ಸಿಯರ್ ಮಾವನವರು ಮಾತ್ರ ನಗಲಿಲ್ಲ. ಫೋಟೋವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿದರು. ಮಗಳು ನೆಟ್ಟಗಾದಳು. ರೈಲು ಬೆಟ್ಟ ಹತ್ತಿತು.

“ನೀವು ಕ್ಯಾಮರಾನೇ ಓರೆ ಹಿಡಿದಿದ್ದೀರಿ ಅಳಿಯಂದ್ರೇ,” ಎಂದರು. “ಏರು ಭರ್ಜರಿಯಾಗಿದೆ. ಅವ್ರದಕ್ಕಿಂತ ಜಾಸ್ತಿನೇ. ಇದನ್ನ ಸರಿಯಾಗಿ ಕತ್ತರಿಸಿ ಕಟ್ಟು ಹಾಕಿಸ್ಕೊಂಡು ಬನ್ನಿ. ಆ ಮೊಳೆಗೆ ಇದನ್ನೇ ಹಾಕೋಣ.” ಷಡ್ಡಕನ ಭುಜ ಕುಣಿಯುವುದು ನಿಂತಿತು. ನನ್ನ ಜೀವನದಲ್ಲಿ ಅಂಥ ಸುಖವನ್ನು ನಾನು ಹೆಚ್ಚು ಸಲ ಅನುಭವಿಸಿಲ್ಲ.

ಮಾರನೇ ದಿನವೇ ಸರೋಜಳನ್ನೂ ಕರೆದುಕೊಂಡು ಸ್ಟುಡಿಯೋಗೆ ಓಡಿದೆ. ಗೋವಿಂದಪ್ಪ ಫೋಟೋ ಮೇಲೆ ಸ್ಕೇಲಿಟ್ಟು ತಲೆಯಾಡಿಸಿದರು.

“ಓರೆ ತೆಗೀಬಹುದು ಮೇಷ್ಟ್ರೇ. ಆದ್ರೆ ಅಂಚು ಹೋಗುತ್ತೆ. ಈ ತುದೀಲಿ ಎಂಜಿನ್ ಇದೆ, ಆ ತುದೀಲಿ ಅಮ್ಮಾವ್ರು. ಇಬ್ಬರಲ್ಲಿ ಒಬ್ಬರನ್ನ ಬಿಡಬೇಕು. ಯಾರನ್ನ ಇಟ್ಕೊಳ್ಳಲಿ?”

ಇಂಥ ಪ್ರಶ್ನೆಗೆ ಗಂಡನಾದವನು ತಡಮಾಡದೆ ಉತ್ತರ ಕೊಡಬೇಕು. ನಾನು, “ಎಂಜಿನ್ ಪೂರ್ತಿ ಹೋಗುತ್ತಾ, ಅಥವಾ ಸ್ವಲ್ಪ ಉಳಿಯುತ್ತಾ?” ಎಂದು ಕೇಳಿದೆ.

ಸರೋಜ ಕೈಚೀಲ ಎತ್ತಿಕೊಂಡಳು. “ಎಂಜಿನ್ ತೆಗೀರಿ, ಎಂಜಿನ್ನೇ ತೆಗೀರಿ!” ಎಂದು ನಾನು ಕೂಗುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು. ಮುಂದಿನ ಭಾನುವಾರ ಕಟ್ಟು ಹಾಕಿಸಿದ ಫೋಟೋ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗಲೂ ಅವಳು ಮಾತಾಡಿರಲಿಲ್ಲ. ಹೆಬ್ಬೂರು ದಾಟಿತು, ಆಗಲೂ ಇಲ್ಲ.

ಮಾವನವರು ಮಾತಿಗೆ ತಪ್ಪಲಿಲ್ಲ. ಷಡ್ಡಕನ ರೈಲನ್ನು ಇಳಿಸಿ, ನನ್ನದನ್ನು ಏರಿಸಿದರು. ಮನೆಯವರೆಲ್ಲ ಸುತ್ತ ನಿಂತಿದ್ದರು. ಸರೋಜ ಫೋಟೋದಲ್ಲಿ ನೆಟ್ಟಗೆ, ಸ್ವೆಟರ್ ಹಾಕಿಕೊಂಡು ನಿಂತಿದ್ದಳು. ಹಿಂದೆ ಡಬ್ಬಿಗಳು ಬೆಟ್ಟ ಹತ್ತುತ್ತಿದ್ದವು. ಷಡ್ಡಕ ಹತ್ತಿರ ಹೋಗಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಾಡಿಸಿ, ತುಂಬ ವಿನಯದಿಂದ ಕೇಳಿದ: “ಅಣ್ಣ, ಎಂಜಿನ್ ಎಲ್ಲಿ?”

ನಾನು ಬಾಯಿ ತೆರೆಯುವ ಮೊದಲೇ, ಒಂದು ವಾರದಿಂದ ಮಾತು ಬಿಟ್ಟಿದ್ದ ನನ್ನ ಹೆಂಡತಿ ಮಾತಾಡಿದಳು.

“ಹೊಟ್ಟೇಲಿ ಬೆಂಕಿ ಇಟ್ಕೊಂಡು ಬುಸುಬುಸು ಅಂತಿರುತ್ತಲ್ಲ, ಅದು ತಾನೇ? ಅದು ಫೋಟೋದಲ್ಲಿ ಹೇಗ್ ಬರುತ್ತಪ್ಪ, ಕ್ಯಾಮರಾ ಹಿಡ್ಕೊಂಡಿದ್ದೇ ಅದು.”

ಅವತ್ತಿನಿಂದ ಗೋಡೆ ನನ್ನದಾಯಿತು. ಆದರೆ ಆ ಹೊತ್ತಿನಲ್ಲಿ ಯಾರೂ ಗೋಡೆ ನೋಡುತ್ತಿರಲಿಲ್ಲ. ಅತ್ತೆ, ಮಾವ, ಷಡ್ಡಕ, ನನ್ನ ಸ್ವಂತ ಮಕ್ಕಳು, ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದರು.