ಎಂಟನೆಯ ಚಿತ್ರದ ಬಗ್ಗೆ ಡಬ್ಬಿ ಕ್ಯಾಮೆರಾದವರಿಗೆ ಒಂದು ಬಿನ್ನಹ

ಊರಿಗಾಂ, ೨೧ ಫೆಬ್ರವರಿ ೧೯೫೯, ಶನಿವಾರ, ಸಂಜೆ ಆರೂಕಾಲು ಗಂಟೆ. ಬೆಳಿಗ್ಗೆ ಶಾಲೆಯ ಗಂಟೆ ಹೊಡೆದೆ, ಮಧ್ಯಾಹ್ನ ಕೊಠಡಿಗಳಿಗೆ ಬೀಗ ಹಾಕಿದೆ, ಮೂರು ಗಂಟೆಗೆ ತಾವು ನನ್ನ ಮನೆಗೆ ದಯಮಾಡಿಸಿ ಏಳನೆಯ ಚಿತ್ರವನ್ನೂ ನುಂಗಿದಿರಿ.

ಮಾನ್ಯ ಡಬ್ಬಿ ಕ್ಯಾಮೆರಾದವರೇ,

ಕಪ್ಪು ತೊಗಲಿನ ಅಂಗಿ ತೊಟ್ಟು, ಹೊಟ್ಟೆಯ ಮೇಲೆ ಗಾಜಿನ ಕಣ್ಣನ್ನೂ ಬೆನ್ನಿನಲ್ಲಿ ಕೆಂಪು ಕಿಂಡಿಯನ್ನೂ ಧರಿಸಿ, ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಕುಪ್ಪುಸ್ವಾಮಿಯವರ ಬೀರುವಿನಲ್ಲಿ ವಿರಾಜಮಾನರಾಗಿರುವ ತಮಗೆ ಅದೇ ಶಾಲೆಯ ಜವಾನ ಕೋದಂಡಪ್ಪನ ಅನಂತ ನಮಸ್ಕಾರಗಳು. ತಮ್ಮ ಹಿಂದಿನ ಯಜಮಾನರಾದ ಚಿನ್ನದ ಗಣಿಯ ದೊರೆಗಳು ಸೀಮೆಗೆ ಹಡಗು ಹತ್ತುವಾಗ ತಮ್ಮನ್ನು ಮೇಷ್ಟ್ರ ಕೈಗೆ ಒಪ್ಪಿಸಿ ಹೋದರೆಂದೂ, ಅಲ್ಲಿಯವರೆಗೆ ತಾವು ಕುದುರೆ, ನಾಯಿ ಮತ್ತು ದೊರೆಸಾನಿಯರನ್ನು ಬಿಟ್ಟು ಬೇರೆ ಯಾರನ್ನೂ ನೋಡಿದವರಲ್ಲವೆಂದೂ ಕೇಳಿದ್ದೇನೆ. ನಮ್ಮಂಥವರ ಮುಖ ತಮಗೆ ಒಗ್ಗಲು ಕಾಲ ಬೇಕೆಂಬುದನ್ನು ನಾನು ಬಲ್ಲೆ. ಆದರೆ ಮಕ್ಕಳ ಬಳಿ ಇರುವುದು ಒಂದೇ ಸುರುಳಿ, ಆ ಸುರುಳಿಯಲ್ಲಿ ಎಂಟೇ ಚಿತ್ರ, ಅದರಲ್ಲಿ ಈಗ ಉಳಿದಿರುವುದು ಒಂದೇ ಒಂದು. ಆದ್ದರಿಂದ ಈ ಬಿನ್ನಹ.

ಹತ್ತನೆಯ ತರಗತಿಯ ಮಕ್ಕಳು 'ಗಣಿನಾದ' ಎಂಬ ಸಂಗೀತದ ಕೈಬರಹದ ಪತ್ರಿಕೆಯನ್ನು ಹೊರತರುತ್ತಿರುವುದು ತಮಗೆ ತಿಳಿದೇ ಇದೆ. ಇರುವುದು ಒಂದೇ ಪ್ರತಿ. ಅದಕ್ಕೆ ಸಂಪಾದಕ ಆರುಮುಗಂ, ಅಕ್ಷರ ಮುತ್ತಿನಂತೆ ಬರೆಯುವವಳು ವೆಂಕಟರತ್ನಮ್ಮ. ಯಾವ ಎಂಟು ಚಿತ್ರ ಅಂಟಿಸಬೇಕೆಂದು ಇವರು ಮೂರು ಶನಿವಾರ ಹೊಂಗೆಮರದ ಕೆಳಗೆ ಕೂತು ಯೋಜನೆ ಹಾಕಿದರು. ಹೊಂಗೆಯ ನೆರಳಿನಲ್ಲಿ ಕಸ ಗುಡಿಸುವ ನೆಪದಲ್ಲಿ ನಾನೂ ಇದ್ದೆ. ನಾಗಸ್ವರ, ಭಜನೆ ಮೇಳ, ಹಾರ್ಮೋನಿಯಂ ಎಲ್ಲವೂ ಜಗಳವಿಲ್ಲದೆ ಪಟ್ಟಿ ಸೇರಿದವು. ಏಳನೆಯದಾಗಿ ವೆಂಕಟರತ್ನಮ್ಮ ನನ್ನ ಹೆಂಡತಿ ಮುನಿಗಂಗಮ್ಮನ ರಾಗಿಕಲ್ಲನ್ನು ಸೂಚಿಸಿದಾಗ ಮಾತ್ರ ಆರುಮುಗಂ, "ರಾಗಿಕಲ್ಲು ಯಾವೂರ ವಾದ್ಯಾಮ್ಮಾ? ಇವತ್ತು ಕಲ್ಲು ಬಂದ್ರೆ ನಾಳೆ ಒನಕೆ ಬತ್ತೈತೆ" ಎಂದ. "ಬರ್ಲಿ ಕಣ್ಲಾ, ನಿಮ್ಮ ಮಾವನ ಡೋಲಿಗಿಂತ ತಾಳವಾಗೈತೆ" ಎಂದು ಅವಳು ಹೇಳಿದ ಮೇಲೆ ಸಂಪಾದಕರು ಬಾಯಿ ಮುಚ್ಚಿ ಬರೆದುಕೊಂಡರು. ಎಂಟನೆಯದು ಪತ್ರಿಕೆಯ ಮಕ್ಕಳೆಲ್ಲರ ಗುಂಪಿನ ಚಿತ್ರ ಎಂದಾಯಿತು.

ಮುನಿಗಂಗಮ್ಮ ಕಳೆದ ಕಾರ್ತಿಕದಲ್ಲಿ ಮೂರು ದಿನದ ಜ್ವರಕ್ಕೆ ತೀರಿಕೊಂಡಳು. ಬೆಳಗಿನ ಜಾವ ಅವಳು ರಾಗಿ ಬೀಸುತ್ತಾ ಹೇಳುತ್ತಿದ್ದ ಪದಗಳಲ್ಲಿ ಹನ್ನೊಂದನ್ನು ವೆಂಕಟರತ್ನಮ್ಮ ಅವಳ ಪಕ್ಕದಲ್ಲೇ ಕೂತು ಬರೆದಿಟ್ಟುಕೊಂಡಿದ್ದಳು. ಅವು ಪತ್ರಿಕೆಯಲ್ಲಿ ಐದು ಪುಟ ತುಂಬಿವೆ. ಪದಗಳ ಪಕ್ಕಕ್ಕೆ ಅಂಟಿಸಲು ಹೇಳಿದವಳದೇ ಒಂದು ಚಿತ್ರವಿಲ್ಲ. ನಾವಿಬ್ಬರೂ ಒಮ್ಮೆ ಫೋಟೋ ತೆಗೆಸಲೆಂದೇ ರೈಲು ಹತ್ತಿ ಬಂಗಾರಪೇಟೆಗೆ ಹೋಗಿದ್ದೆವು. ಅಂದು ಮಂಗಳವಾರ, ಅಂಗಡಿಗೆ ರಜೆ. ದೋಸೆ ತಿಂದು ಹಿಂದಿರುಗಿದೆವು, ದಾರಿಯುದ್ದಕ್ಕೂ ಅವಳು ನಕ್ಕಳು. ಈ ವಿಷಯ ತಮಗೆ ಸಂಬಂಧಪಟ್ಟದ್ದಲ್ಲವಾದರೂ, ಆ ಕಲ್ಲಿನ ಚಿತ್ರ ನನಗೆ ಏಕೆ ಬೇಕೆಂಬುದು ತಮಗೆ ಗೊತ್ತಿರಲಿ ಎಂದು ಬರೆದೆ.

ಇನ್ನು ತಮ್ಮ ಸೇವೆಯ ವಿಷಯ. ನಾಗಸ್ವರದ ಪೆರುಮಾಳ್ ವಾರವೆಲ್ಲಾ ಹಗಲು ಪಾಳಿಯಲ್ಲಿ ನೆಲದ ಕೆಳಗೆ ಇರುವವನು, ತಾವು ಬಿಸಿಲಿಲ್ಲದೆ ಕಣ್ಣು ಬಿಡದವರು. ಅವನು ಮೇಲೆ ಬಂದು, ಮೈತೊಳೆದು, ತಲೆಗೆ ಎಣ್ಣೆ ಹಾಕಿ, ಜರಿ ಅಂಚಿನ ಪಂಚೆ ಉಟ್ಟು ನಾಗಸ್ವರ ಎತ್ತುವ ಹೊತ್ತಿಗೆ ಸೂರ್ಯ ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಹಿಂದೆ ಇಳಿದಿದ್ದ. ತಾವು 'ಟಕ್' ಎಂದು ಗಂಭೀರವಾಗಿ ಕತ್ತಲನ್ನು ಸ್ವೀಕರಿಸಿದಿರಿ. ಭಜನೆ ಮೇಳದಲ್ಲಿ ಮೂರು ಭಾಷೆಯವರಿದ್ದುದರಿಂದ ಆರುಮುಗಂ ಯಾರಿಗೂ ಬೇಸರವಾಗಬಾರದೆಂದು ಮೊದಲ ಸಾಲಿಗೆ ತಮಿಳಿನಲ್ಲಿ "ಅಸೆಯಾದೀಂಗ" ಎಂದೂ, ಎರಡನೆಯದಕ್ಕೆ ತೆಲುಗಿನಲ್ಲಿ "ಕದಲಕಂಡಿ" ಎಂದೂ, ಕೊನೆಯದಕ್ಕೆ "ಅಲ್ಲಾಡ್ಬೇಡಿ" ಎಂದೂ ಬಿಡಿಬಿಡಿಯಾಗಿ ಮರ್ಯಾದೆ ಸಲ್ಲಿಸಿದ. ಮೊದಲು ಉಸಿರು ಬಿಗಿಹಿಡಿದವರು ಕೊನೆಯವರ ಸರದಿ ಬರುವಷ್ಟರಲ್ಲಿ ಉಸಿರು ಬಿಟ್ಟು ಮೂಗು ತುರಿಸಿಕೊಳ್ಳುತ್ತಿದ್ದರು. ತಾವು ಕಣ್ಣು ತೆರೆದದ್ದು ಸರಿಯಾಗಿ ಆ ಗಳಿಗೆಯಲ್ಲೇ. ತಮ್ಮ ಸಮಯಪ್ರಜ್ಞೆಗೆ ಯಾರಾದರೂ ತಲೆದೂಗಬೇಕು. ಐದನೆಯ ಚಿತ್ರಕ್ಕೆ ಆರುಮುಗಂ ಸುರುಳಿ ಸರಿಸುವ ಕೀಲಿ ತಿರುಗಿಸಿಟ್ಟ, ಅವನು ಮರೆತಿರಬಹುದೆಂದು ಮೇಷ್ಟ್ರು ಇನ್ನೊಮ್ಮೆ ತಿರುಗಿಸಿದರು. ಚಿತ್ರದ ಸಂಖ್ಯೆ ತೋರುವ ಕೆಂಪು ಕಿಂಡಿಯಲ್ಲಿ ನಾಲ್ಕು ಹೋಗಿ ಆರು ಬಂತು. ಐದು ಯಾರ ಮುಖವನ್ನೂ ಕಾಣದೆ ಮೋಕ್ಷ ಪಡೆಯಿತು. ಹಾರ್ಮೋನಿಯಂ ಒಂದನ್ನೇ ತೆಗೆಯಬೇಕೆಂದಿದ್ದಾಗ ಅದರ ಹಿಂದೆ ನಮ್ಮ ಹೆಡ್ಮಾಸ್ಟರು ಬಂದು ಕೂತು, ನುಡಿಸಲು ಬಾರದ ಬೆರಳುಗಳನ್ನು ಹರಡಿದರು. ಅದೊಂದು ಮಾತ್ರ ಬಹಳ ಚೆನ್ನಾಗಿ ಬರುತ್ತದೆಂದು ಎಲ್ಲರಿಗೂ ಭಯವಿದೆ.

ನಲ್ಲಿಯ ಹತ್ತಿರ ಕೊಡ ತುಂಬುವುದರೊಳಗೆ ಊರಿನ ಗುಟ್ಟೆಲ್ಲ ರಟ್ಟಾಗುವ ನಮ್ಮ ಸಾಲುಮನೆಗಳ ಲೈನಿನಲ್ಲಿ, ಏಳು ತುತ್ತು ನುಂಗಿಯೂ ಒಂದನ್ನೂ ಕಕ್ಕದೆ ಕೂತಿರುವ ತಮ್ಮ ಸಂಯಮವನ್ನು ನಾನು ಮೆಚ್ಚುತ್ತೇನೆ. ಸುರುಳಿ ಮುಗಿದು ಬಂಗಾರಪೇಟೆಯಲ್ಲಿ ತೊಳೆದು ಬರುವವರೆಗೆ ತಮ್ಮ ಹೊಟ್ಟೆಯಲ್ಲಿ ಏನಿದೆಯೋ ಹೇಳುವವರಿಲ್ಲ.

ಆದರೆ ನ್ಯಾಯ ಹೇಳಬೇಕೆಂದರೆ ಏಳನೆಯ ಚಿತ್ರದ ಅಪರಾಧ ತಮ್ಮದಲ್ಲ, ನನ್ನದು. ನನ್ನ ಅಡಿಗೆಮನೆಗೆ ಇರುವುದು ಒಂದು ಗವಾಕ್ಷಿ. "ಕಲ್ಲನ್ನ ಜಗಲಿಗೆ ತರೋಣ ಕೋದಂಡಪ್ಪ, ಇಲ್ಲಿ ಏನೂ ಕಾಣಲ್ಲ" ಎಂದು ಮೇಷ್ಟ್ರು ಎರಡು ಸಲ ಹೇಳಿದರು. ಅವಳು ಇಟ್ಟ ಜಾಗದಿಂದ ಅದನ್ನು ಕದಲಿಸಕೂಡದೆಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಮೇಷ್ಟ್ರು ತಮ್ಮನ್ನು ಕತ್ತಲ ಕಡೆ ತಿರುಗಿಸಿ ಗುಂಡಿ ಒತ್ತಿದರು. ಅದರಲ್ಲಿ ಕಲ್ಲೂ ಇರುವುದಿಲ್ಲ, ಗೋಡೆಯೂ ಇರುವುದಿಲ್ಲ.

ಮಕ್ಕಳು ಜಗಲಿಯ ಮೇಲೆ ಗುಸುಗುಸು ಮಾತಾಡಿಕೊಂಡರು. ಆಮೇಲೆ ಆರುಮುಗಂ ಒಳಗೆ ಬಂದು, "ಅಣ್ಣಾ, ನಮ್ಮ ಮುಖ ನಾವು ದಿನಾ ನೋಡ್ಕೊತೀವಿ. ಎಂಟನೇದೂ ಅಕ್ಕನ ಕಲ್ಲಿಗೇ ಇರ್ಲಿ" ಎಂದ. ಇವರು ತಮ್ಮ ಗುಂಪಿನ ಚಿತ್ರಕ್ಕೆಂದು ಹದಿನೈದು ದಿನದಿಂದ ಕ್ರಾಪು ಕತ್ತರಿಸದೆ ಬೆಳೆಸಿಕೊಂಡು ಕಾದಿದ್ದವರು. ಒಲೆ ಹತ್ತಿಸಿ ಎಲ್ಲರಿಗೂ ಕಾಫಿ ಕಾಯಿಸಿದೆ. ಲೋಟ ಕೈಗೆ ಕೊಡುವಾಗ, ಕಲ್ಲನ್ನು ಹೊರಗೆ ತರೋಣ, ಆದರೆ ಚಿತ್ರದಲ್ಲಿ ನೀವೂ ಇರಬೇಕು ಎಂದು ಹೇಳಿದೆ. ಹೇಗೂ ಎಂಟಡಿಗಿಂತ ಹತ್ತಿರ ಬಂದರೆ ತಮಗೆ ಯಾರೂ ಕಾಣುವುದಿಲ್ಲವಂತೆ; ಎಂಟಡಿ ದೂರದಿಂದ ಕಲ್ಲಿನ ಜೊತೆ ಆರು ಮಕ್ಕಳು ಸಲೀಸಾಗಿ ಹಿಡಿಸುತ್ತಾರೆ. ವೆಂಕಟರತ್ನಮ್ಮ ಕಲ್ಲಿನ ಮುಂದೆ ಕೂತು ಬೀಸುತ್ತಾಳೆ, ಪದವನ್ನೂ ಹೇಳುತ್ತಾಳೆ.

ಮೇಷ್ಟ್ರದು ಒಂದೇ ತಕರಾರು: ಕಲ್ಲಿನ ಗೂಟ ಹಿಡಿದು ಸುಮ್ಮನೆ ಕೂರಬೇಕು, ತಿರುಗಿಸಿದರೆ ಕೈ ಮಸುಕಾಗುತ್ತದೆ. "ಕೈ ನಿಂತ್ರೆ ಪದಾನೂ ನಿಂತೋಗ್ತೈತೆ ಸಾರ್" ಎಂದಳು ಹುಡುಗಿ. ಈ ವ್ಯಾಜ್ಯವನ್ನು ಈಗ ತಮ್ಮ ಸನ್ನಿಧಾನಕ್ಕೆ ತಂದಿದ್ದೇನೆ. ತಮ್ಮಿಂದ ಆಗುವುದಾದರೆ ಪದವನ್ನೂ ಹಿಡಿದುಕೊಳ್ಳಿ, ಕಲ್ಲಿನ ಸದ್ದನ್ನೂ ಹಿಡಿದುಕೊಳ್ಳಿ, ಇನ್ನೂ ದೊಡ್ಡ ಮನಸ್ಸು ಮಾಡುವುದಾದರೆ ಹುಡುಗಿಯ ಎದುರಿಗೆ ಜೊತೆಯಲ್ಲಿ ಬೀಸುವವರು ಕೂರುವ ಜಾಗದಲ್ಲಿ ಯಾರನ್ನಾದರೂ ಕೂರಿಸಿ ತೆಗೆಯಿರಿ, ಯಾರನ್ನು ಎಂದು ನಾನು ಹೇಳಬೇಕಾಗಿಲ್ಲ. ಇವು ಯಾವುವೂ ಆಗದಿದ್ದರೆ ಕೈ ಮಸುಕಾಗಿಯೇ ಬರಲಿ. ನೋಡಿದವರಿಗೆ ಕಲ್ಲು ತಿರುಗುತ್ತಿತ್ತೆಂದು ಗೊತ್ತಾದರೆ ನನಗೆ ಅಷ್ಟೇ ಸಾಕು.

ಏಳು ಸಲ ಮೋಸಹೋಗಿಯೂ ಎಂಟನೆಯ ಸಲಕ್ಕೆ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಕೋದಂಡಪ್ಪ

ಮರೆತ ಮಾತು: ಆರುಮುಗಂ ನಾಳೆ ಚಿತ್ರ ತೆಗೆಯುವಾಗ ಯಾವ ಭಾಷೆಯಲ್ಲೂ ಬಾಯಿ ತೆರೆಯುವುದಿಲ್ಲವೆಂದು ಮಾತು ಕೊಟ್ಟಿದ್ದಾನೆ. ತಾವೂ ತಮ್ಮ ಕಡೆಯಿಂದ ಒಂದು ಸಲ, ದೊರೆಸಾನಿಯರ ಕುದುರೆಗೆ ತೋರಿಸುತ್ತಿದ್ದ ಗೌರವದಲ್ಲಿ ಅರ್ಧದಷ್ಟನ್ನು ನಮ್ಮ ಕಲ್ಲಿಗೆ ತೋರಿಸಿದರೆ ಪತ್ರಿಕೆಯ ಕೊನೆಯ ಪುಟಕ್ಕೆ ಹೋಗಲಿರುವ ಈ ಪತ್ರವನ್ನು ಕಿತ್ತುಹಾಕಲು ಮಕ್ಕಳಿಗೆ ಹೇಳುತ್ತೇನೆ; ಇಲ್ಲವಾದರೆ ಇದು ತಮ್ಮದೊಂದು ಸೊಟ್ಟ ಚಿತ್ರದ ಸಮೇತ ಅಲ್ಲೇ ಇರುತ್ತದೆ, ಆ ಚಿತ್ರ ಬರೆಯಲು ಮೇಷ್ಟ್ರು ಒಪ್ಪಿದ್ದಾರೆ. ನಾಳೆ ಭಾನುವಾರ, ಪೆರುಮಾಳನಿಗೆ ಪಾಳಿಯಿಲ್ಲ, ಕಲ್ಲು ಎತ್ತಲು ಬರುತ್ತಾನೆ. ನಮ್ಮ ಜಗಲಿಗೆ ಬಿಸಿಲು ಬೀಳುವುದು ಎಂಟು ಗಂಟೆಗೆ.